ಊರಿನ ನೆನಪು, ದಿನದ ಲೆಕ್ಕ

ಆತ್ಮಕಥೆ ಹುಟ್ಟಿನಿಂದ ತೊಡಗಿ ಬರೆಯುವ ದಿನದವರೆಗಿನ ಬಾಳನ್ನೆಲ್ಲ ಲೆಕ್ಕಕ್ಕೆ ತರುತ್ತದೆ. ನೆನಪಿನ ಬರಹಕ್ಕೆ ಅಷ್ಟು ಬೇಡ. ಒಂದು ಮನೆ, ಒಂದು ಮಳೆಗಾಲ, ಒಬ್ಬ ಅಜ್ಜಿ ಇದ್ದರೆ ಸಾಕು. ಹೆಸರು ಮಾಡಿದವರು ಮಾತ್ರ ತಮ್ಮ ಕಥೆ ಬರೆಯಬೇಕು ಎಂಬ ಸಂಕೋಚದಿಂದ ಬಹಳ ಮಂದಿ ಪೆನ್ನು ಹಿಡಿಯುವುದಿಲ್ಲ. ಆ ಸಂಕೋಚ ಆತ್ಮಕಥೆಗೆ ಸಲ್ಲಬಹುದು, ನೆನಪಿನ ಬರಹಕ್ಕೆ ಸಲ್ಲದು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಸೀಮೆಯಿಂದ ಮುಂಬಯಿಯ ಹೋಟೆಲುಗಳಿಗೆ, ಬ್ಯಾಂಕುಗಳ ದೂರದ ಶಾಖೆಗಳಿಗೆ, ಕೊಲ್ಲಿಯ ದೇಶಗಳಿಗೆ ಹೋದವರು ಮನೆಗೊಬ್ಬರಾದರೂ ಸಿಗುತ್ತಾರೆ. ಹಾಗೆ ಹೋದವರು ಬಿಟ್ಟುಬಂದದ್ದನ್ನು 'ಮನೆ' ಎಂದು ಕರೆಯುವುದು ಕಡಿಮೆ, 'ಊರು' ಎನ್ನುವುದೇ ಹೆಚ್ಚು. ಊರಿನ ಅಕ್ಕಿ, ಊರಿನ ಕೋಳಿ, ಊರಿನ ಮಾವಿನಮಿಡಿ, ಊರಿಗೆ ಹೋಗಿ ಬರುವುದು. ಒಂದು ಪದದಲ್ಲಿ ಮನೆಯೂ ನೆರೆಕರೆಯೂ ನಾಗಬನವೂ ಬಸ್ ನಿಲ್ಲುವ ಕಟ್ಟೆಯೂ ಸೇರಿಕೊಂಡಿವೆ. ಈ 'ಊರ'ನ್ನು ಕಾಗದಕ್ಕೆ ಇಳಿಸುವ ಬಗೆ ಹೇಗೆ ಎಂಬುದೇ ಇಲ್ಲಿನ ವಿಷಯ.

ಇದಕ್ಕೆ ಈ ಸೀಮೆಯಲ್ಲಿಯೇ ಒಂದು ಹಳೆಯ ಮಾದರಿ ಉಂಟು. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ಕನ್ನಡಿಗರಿಗೆ ಅವನು ಮುದ್ದಣ. 1901ರಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೊಂದು. ತನ್ನ ಕೃತಿಯನ್ನು ತನ್ನದೆಂದು ಹೇಳಿಕೊಳ್ಳಲು ಹಿಂಜರಿದು, ಯಾವನೋ ಹಳೆಯ ಕವಿಯದೆಂಬ ನೆಪದಲ್ಲಿ ಮೈಸೂರಿನ ಪತ್ರಿಕೆಗೆ ಕಳಿಸಿದ ಸಂಕೋಚದ ಮನುಷ್ಯ. ಅವನ 'ಶ್ರೀರಾಮಾಶ್ವಮೇಧಂ' ಹೇಳುವ ಕಥೆ ರಾಮನದು, ಯಜ್ಞದ ಕುದುರೆಯದು. ಆದರೆ ಓದಿದವರ ಮನಸ್ಸಿನಲ್ಲಿ ಉಳಿದಿರುವುದು ಕಥೆ ಹೇಳುವ ಗಂಡ, ಕೇಳುವ ಹೆಂಡತಿ ಮನೋರಮೆ. ದಣಿದು ಮನೆಗೆ ಬಂದ ಗಂಡನಿಗೆ ಉಪಚಾರ, ಹೊತ್ತು ಹೋಗದ ಮಳೆಗಾಲ, ಕಥೆ ಹೇಳೆಂಬ ಒತ್ತಾಯ, ಸಂಸ್ಕೃತ ಅತಿಯಾದಾಗ ಅವಳ ತಕರಾರು. ಗಂಡ ಅಲ್ಲಿ ಅರಮನೆಯ ಕವಿ. ಬರೆದವನು ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಕವಾಯತು ಕಲಿಸುತ್ತಿದ್ದವನು. ಹಾಗಾಗಿ ಅದು ನೆನಪಿನ ಬರಹವಲ್ಲ, ಕಲ್ಪನೆ. ಹಾಗಿದ್ದರೂ ಬರೆಯುವವರಿಗೆ ಅದರಲ್ಲೊಂದು ಪಾಠ ಇದೆ: ಕುದುರೆ ದೇಶವೆಲ್ಲ ಸುತ್ತಲಿ, ಓದುಗ ಮತ್ತೆ ಆ ಗಂಡಹೆಂಡಿರ ಜಗಲಿಗೆ ಯಾವಾಗ ಮರಳುವುದೆಂದು ಕಾಯುತ್ತಿರುತ್ತಾನೆ.

ಎರಡನೆಯ ಮಾದರಿ ಕೋಟದ ಶಿವರಾಮ ಕಾರಂತರದು. 1902ರಲ್ಲಿ ಹುಟ್ಟಿ 1997ರವರೆಗೆ ಬದುಕಿದ ಅವರಿಗೆ ಹೇಳಲು ಘಟನೆಗಳ ಬರವಿರಲಿಲ್ಲ. ಆದರೂ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂಬ ಹೆಸರೇ ಹೇಳುವಂತೆ, ಅವರು ಆರಿಸಿಕೊಂಡ ಸೂತ್ರ ವರ್ಷಗಳದ್ದಲ್ಲ, ಮನಸ್ಸು ಹರಿದ ದಿಕ್ಕುಗಳದ್ದು. ಮುಂದೆ 'ಸ್ಮೃತಿಪಟಲದಿಂದ' ಎಂಬ ಹೆಸರಿನಲ್ಲಿ ಮೂರು ಸಂಪುಟ ಬರೆದರು. ಹೊಸದಾಗಿ ಬರೆಯುವವರು ಇದನ್ನು ಗಮನಿಸಬೇಕು. 'ನಾನು ಇಂಥ ವರ್ಷ ಇಂಥಲ್ಲಿ ಹುಟ್ಟಿದೆ' ಎಂದು ತೊಡಗಿದ ಹಸ್ತಪ್ರತಿಗಳು ಹೆಚ್ಚಾಗಿ ಏಳನೆಯ ತರಗತಿಯನ್ನು ದಾಟುವುದಿಲ್ಲ. ಬಚ್ಚಲ ಒಲೆ, ಬಾವಿಕಟ್ಟೆ, ಬಸ್ಸು, ಆಟ ನೋಡಿದ ರಾತ್ರಿಗಳು ಎಂದು ವಿಷಯ ಹಿಡಿದು ಬರೆದರೆ ಒಂದೊಂದೂ ತಾನಾಗಿ ಮುಂದಿನದನ್ನು ಎಳೆದು ತರುತ್ತದೆ.

ಮೂರನೆಯ ಮಾದರಿ ಬರೆಯಲು ಬಾರದವರಿಗೆ, ಬರೆಯಲು ಪುರುಸೊತ್ತಿಲ್ಲದವರಿಗೆ, ಕೈ ನಡುಗುವ ವಯಸ್ಸಿನವರಿಗೆ ಒದಗುವಂಥದು. ಮಣಿಪಾಲದಲ್ಲಿ ನೆಲೆಸಿದ ಲೇಖಕಿ ವೈದೇಹಿ ಹಿರಿಯರ ಮಾತು ಕೇಳಿ ಬರೆದ ಪುಸ್ತಕಗಳು ಮೂರಿವೆ. 'ನೆನಪಿನಂಗಳದಲ್ಲಿ ಮುಸ್ಸಂಜೆ ಹೊತ್ತು' ಕೋಟ ಲಕ್ಷ್ಮೀನಾರಾಯಣ ಕಾರಂತರದು, 'ಸೇಡಿಯಾಪು ನೆನಪುಗಳು' ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರದು, 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ರಂಗನಿರ್ದೇಶಕ ಬಿ.ವಿ. ಕಾರಂತರದು. ಬಂಟ್ವಾಳದ ಮಂಚಿಯ ಹುಡುಗ ಮನೆ ಬಿಟ್ಟು ಓಡಿ ಗುಬ್ಬಿ ಕಂಪೆನಿ ಸೇರಿದ್ದು ನಾಡಿಗೆ ಗೊತ್ತಿದ್ದ ಸಂಗತಿ. ಆದರೆ ಬಿಟ್ಟ ಮನೆ ಬೆನ್ನು ಬಿಡುವುದಿಲ್ಲ ಎಂಬುದು ಪುಸ್ತಕದ ಹೆಸರಿನಲ್ಲಿಯೇ ಇದೆ. ಹೀಗೆ ಕೇಳಿ ಬರೆಯುವವರು ತಮ್ಮ ದನಿಯನ್ನು ತಗ್ಗಿಸಬೇಕು. ಹೇಳುವವರು 'ಹೋಯ್ತೋ' ಎಂದರೆ 'ಹೋಗಿದ್ದಿತು' ಎಂದು ತಿದ್ದುವ ಕೈಗೆ ಈ ಕೆಲಸ ಒಗ್ಗದು.

ಬರಹದ ಸಾಮಗ್ರಿಯಲ್ಲಿ ಮೊದಲನೆಯದು ಕಾಲ. 'ನನಗೆ ಹತ್ತು ವರ್ಷವಿದ್ದಾಗ' ಎಂಬುದು ಯಾವ ಊರಿಗೂ ಒಪ್ಪುವ ಮಾತು. ಈ ಸೀಮೆಗೆ ತನ್ನದೇ ಕಾಲಗಣನೆ ಇದೆ: ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ಸಾಗುವ ತುಳು ತಿಂಗಳುಗಳು. ಬೇಶದ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅಂದಿಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮ ನಿಲ್ಲುತ್ತದೆ, ಸೋಗೆ ಹೊದೆಸುವವರಿಗೆ ಅವಸರ ಹತ್ತುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ 'ಪತ್ತನಾಜೆ ಕಳೆದು ಎರಡು ದಿನಕ್ಕೆ' ಎಂದು ಬರೆದರೆ ಸಾಕು, ಕೊಟ್ಟಿಗೆಗೆ ಸೇರಿಸಿದ ಸೌದೆಯಿಂದ ಹಿಡಿದು ಒಣಗದ ಬಟ್ಟೆಯ ವಾಸನೆಯವರೆಗೆ ಓದುಗನಿಗೆ ತಿಳಿಯುತ್ತದೆ.

ಆಟಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಈ ತಿಂಗಳು ಈಗ ಸಭಾಭವನಗಳಿಗೆ ಬಂದಿದೆ. 'ಆಟಿಡೊಂಜಿ ದಿನ' ಎಂಬ ಬ್ಯಾನರಿನ ಕೆಳಗೆ ಪತ್ರೊಡೆ, ಕಣಿಲೆ ಪಲ್ಯ, ತಜಂಕಿನ ವಡೆ, ಹಲಸಿನ ಬೀಜದ ಸಾರು ಸಾಲಾಗಿ ನಿಲ್ಲುತ್ತವೆ. ಅವು ರುಚಿಯೇ. ಆದರೆ ಅವು ತಟ್ಟೆಗೆ ಬಂದ ಕಾರಣ ಬೇರೆ. ಹಿಂದಿನ ಪೈರಿನ ಅಕ್ಕಿ ಮುಡಿ ಬರಿದಾಗುವ, ಮುಂದಿನ ಪೈರು ಇನ್ನೂ ಗದ್ದೆಯಲ್ಲಿರುವ, ಕಡಲಿಗೆ ದೋಣಿ ಇಳಿಯದ ತಿಂಗಳು ಅದು. ಹಿತ್ತಲಲ್ಲಿ ತಾನಾಗಿ ಹುಟ್ಟಿದ್ದನ್ನು, ಬೇಸಿಗೆಯಲ್ಲಿ ಒಣಗಿಸಿ ಇಟ್ಟದ್ದನ್ನು ತಿಂದು ದಿನ ದೂಡುತ್ತಿದ್ದರು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಯುವ ಹಾಲೆ ಮರದ ತೊಗಟೆಯ ಕಷಾಯದ ಕಹಿ ಇಂದಿಗೂ ಇದೆ, ಹಸಿವು ಮರೆತುಹೋಗಿದೆ. ಕಷಾಯದ ಬಗ್ಗೆ ಎರಡು ಪುಟ ಬರೆದು ಖಾಲಿ ಮುಡಿಯ ಬಗ್ಗೆ ಒಂದು ಸಾಲೂ ಬರೆಯದ ನೆನಪು ಅರ್ಧ ಸುಳ್ಳು.

ಇನ್ನೊಂದು ಸಾಮಗ್ರಿ ಮಾತು. ಇಟಲಿಯ ಲೇಖಕಿ ನತಾಲಿಯಾ ಗಿನ್ಸ್‌ಬರ್ಗ್ 1963ರಲ್ಲಿ ಪ್ರಕಟಿಸಿದ ಕೌಟುಂಬಿಕ ನೆನಪಿನ ಪುಸ್ತಕ ನಿಂತಿರುವುದು ತಂದೆ ತಾಯಿ ಮನೆಯಲ್ಲಿ ಪದೇ ಪದೇ ಆಡುತ್ತಿದ್ದ ಮಾತುಗಳ ಮೇಲೆ. ಯಾವ ಮನೆಗೂ ಹೊರಗಿನವರಿಗೆ ಅರ್ಥವಾಗದ ಹತ್ತಿಪ್ಪತ್ತು ಮಾತು ಇದ್ದೇ ಇರುತ್ತದೆ. ಉಡುಪಿ ಸೀಮೆಯ ಮನೆಗಳಲ್ಲಿ ಅವು ಮೂರು ನಾಲ್ಕು ಭಾಷೆಗಳಲ್ಲಿರುತ್ತವೆ. ಅಡುಗೆಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ಕೆಲಸದವರೊಡನೆ ತುಳು, ಶಾಲೆಯಲ್ಲಿ ಕನ್ನಡ, ಬಡಗಿನಿಂದ ಬಂದ ನೆಂಟರ ಬಾಯಲ್ಲಿ ಕುಂದಗನ್ನಡ, ಸಂತೆಯಲ್ಲಿ ಬ್ಯಾರಿ. ಇವನ್ನೆಲ್ಲ ಶಿಷ್ಟ ಕನ್ನಡಕ್ಕೆ ಒಗ್ಗಿಸಿ ಬರೆದರೆ ಅಜ್ಜಿ ಪಠ್ಯಪುಸ್ತಕದ ಅಜ್ಜಿಯಾಗಿಬಿಡುತ್ತಾಳೆ. ಮೂಲದ ಮಾತನ್ನು ಇದ್ದಂತೆ ಬರೆದು, ಮುಂದಿನ ವಾಕ್ಯದಲ್ಲಿ ಅದರ ಅರ್ಥ ತಿಳಿಯುವಂತೆ ನಡೆಸುವುದು ಒಳ್ಳೆಯ ರೀತಿ. ಪದ ಮರೆತವರಿಗೆ ಆಸರೆಯೂ ಇದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿದ ಗೋವಿಂದ ಪೈ ಸಂಶೋಧನ ಕೇಂದ್ರ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿದೆ. ಮಣಿಪಾಲ ಎಂಬ ಹೆಸರನ್ನೇ ನೋಡಬಹುದು. ಅಲ್ಲಿನ ಮಣ್ಣಪಳ್ಳ ಕೆರೆಯಿಂದ ಅದು ಬಂದಿತೆನ್ನುತ್ತಾರೆ. ಪಳ್ಳ ಎಂದರೆ ತುಳುವಿನಲ್ಲಿ ಕೆರೆ. ಕೆರೆಯ ಸುತ್ತ ಸಂಜೆ ನಡೆಯುವವರಲ್ಲಿ ಅದನ್ನು ಬಲ್ಲವರು ಕಡಿಮೆ.

ಇವೆರಡಕ್ಕಿಂತ ದೊಡ್ಡದು ಕೆಲಸ. ಕಾಪು ತಾಲೂಕಿನ ಶಂಕರಪುರ ಮಲ್ಲಿಗೆಯ ಊರು. 'ಉಡುಪಿ ಮಲ್ಲಿಗೆ' ಎಂದು ಭೌಗೋಳಿಕ ಗುರುತು ಪಡೆದ ಹೂವು ಇದೇ. ಅದನ್ನು ಬೆಳೆಯುವುದು ದೊಡ್ಡ ತೋಟಗಳಲ್ಲಿ ಅಲ್ಲ, ಮನೆಯ ಹಿತ್ತಲಲ್ಲಿ, ಕೆಲವು ಸೆಂಟ್ಸ್ ಜಾಗದಲ್ಲಿ. ಬೆಳಕು ಹರಿಯುತ್ತಿದ್ದಂತೆ ಮೊಗ್ಗು ಬಿಡಿಸಬೇಕು, ಅರಳುವ ಮೊದಲು ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು, ಏಜೆಂಟರಿಗೆ ಹೊತ್ತಿಗೆ ಮುಟ್ಟಿಸಬೇಕು. ಒಂದು ಚೆಂಡಿಗೆ 800 ಹೂವು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಮೊಗ್ಗು ಬೆರಳುಗಳ ನಡುವೆ ದಾಟಿರುತ್ತವೆ. ದರ ದಿನದಿನಕ್ಕೂ ಬೇರೆ. ಮದುವೆ, ನೇಮ, ಹಬ್ಬಗಳ ದಿನ ಏರುತ್ತದೆ, ಮರುದಿನ ಇಳಿಯುತ್ತದೆ. ಅಂದಿನ ದರ ಕೇಳುವುದು ಈ ಮನೆಗಳಲ್ಲಿ ಹವಾಮಾನ ಕೇಳಿದಷ್ಟೇ ಸಹಜ. ಮುಂಬಯಿಯಲ್ಲಿರುವ ಮಗನಿಗೆ ಊರೆಂದರೆ ಮಲ್ಲಿಗೆಯ ಪರಿಮಳ ಎಂದು ಬರೆಯಲು ಸುಲಭ. ಆ ಪರಿಮಳದ ಹಿಂದೆ ಶಾಲೆಗೆ ಹೊರಡುವ ಮೊದಲು ತಂಗಿ ಕಟ್ಟಿದ ಚೆಂಡು, ತಾಯಿಯ ಬೆರಳ ತುದಿ, ಅದರಿಂದ ಬಂದ ಹಣದಲ್ಲಿ ಕಟ್ಟಿದ ಅವನದೇ ಶಾಲಾ ಶುಲ್ಕ ಇದ್ದರೆ ಅದನ್ನು ಬರೆಯುವುದೇ ನೆನಪಿನ ಬರಹ. ಯಾವ ನೆನಪಿಗೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ಹೊತ್ತಿಗೆ ಕೆಲಸ ಮಾಡುತ್ತಿದ್ದವರು ಯಾರು?

ದೊಡ್ಡ ಸ್ಥಳಗಳ ವಿಷಯದಲ್ಲಿಯೂ ಈ ಪ್ರಶ್ನೆ ಸಹಾಯಕ್ಕೆ ಬರುತ್ತದೆ. ಕಾರ್ಕಳದ ಬಂಡೆಯ ಮೇಲೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟ, 1586ರ ಚತುರ್ಮುಖ ಬಸದಿ, 1901ರಿಂದ ಕಾಪುವಿನ ಕಡಲ ಬಂಡೆಯ ಮೇಲೆ ಉರಿಯುವ ದೀಪಸ್ತಂಭ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯ ರಥಬೀದಿಯಲ್ಲಿ ನಡೆಯುವ ಪರ್ಯಾಯ, ಇವನ್ನು ಗೆಜೆಟಿಯರು ಚೆನ್ನಾಗಿ ಹೇಳಿದೆ. ಸ್ಥಳೀಕರು ಗೊಮ್ಮಟಬೆಟ್ಟ ಹತ್ತುವುದು ಸಾಮಾನ್ಯವಾಗಿ ನೆಂಟರು ಬಂದಾಗ. ಮನೆಯವರಿಗೆ ಗೊಮ್ಮಟ ಬಸ್ಸಿನ ಕಿಟಕಿಯಿಂದ ಕಂಡು, ಇಳಿಯುವ ಜಾಗ ಹತ್ತಿರ ಬಂತೆಂದು ಹೇಳುವ ಗುರುತು. ಮೀನುಗಾರನ ಮನೆಗೆ ದೀಪಸ್ತಂಭ ನೋಡುವ ಸೊಗಸಲ್ಲ, ದೋಣಿ ಮರಳುವ ದಾರಿ. ನೆನಪಿನ ಬರಹಕ್ಕೆ ಬೇಕಾದದ್ದು ಈ ಬಳಕೆಯ ಗೊಮ್ಮಟ, ಬಳಕೆಯ ದೀಪ.

ಮನೆ ಎಂಬ ಕಟ್ಟಡಕ್ಕೆ ಬಂದರೆ ಒಂದು ವರ್ಷವನ್ನು ದಾಟಿ ಹೋಗುವಂತಿಲ್ಲ. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣೆ ಕಾಯಿದೆ ಈ ಜಿಲ್ಲೆಯ ಮನೆಗಳನ್ನು ಎರಡು ಮಾಡಿತು. ಚಾಲಗೇಣಿಗೆ ಗದ್ದೆ ಮಾಡುತ್ತಿದ್ದವರು ಡಿಕ್ಲರೇಷನ್ ಹಾಕಿದರು, ಉಳುವವನು ಹೊಲದೊಡೆಯನಾದ. ಗುತ್ತು, ಬೀಡು, ಭಟ್ಟರ ಚೌಕಿಮನೆಗಳಿಗೆ ಬರುತ್ತಿದ್ದ ಗೇಣಿ ಅಕ್ಕಿ ನಿಂತಿತು. ಹೆಂಚು ಬದಲಿಸಲೂ ಹಣವಿಲ್ಲದೆ ಎಷ್ಟೋ ದೊಡ್ಡ ಮನೆಗಳು ಕುಸಿದವು, ಮಕ್ಕಳು ಪೇಟೆ ಸೇರಿದರು. ಅದೇ ವರ್ಷಗಳಲ್ಲಿ, ಅದೇ ಬೈಲಿನ ಇನ್ನೊಂದು ಬದಿಯಲ್ಲಿ, ಮೊದಲ ಸಲ ತಮ್ಮ ಹೆಸರಿನ ಜಾಗದಲ್ಲಿ ಜನ ಹಂಚಿನ ಮನೆ ಕಟ್ಟಿಕೊಂಡರು. ಒಬ್ಬರ ಪುಸ್ತಕದಲ್ಲಿ ಅದು ಮನೆ ಹೋದ ವರ್ಷ, ಇನ್ನೊಬ್ಬರ ಪುಸ್ತಕದಲ್ಲಿ ಮನೆ ಬಂದ ವರ್ಷ. ಅಚ್ಚಾದ ನೆನಪುಗಳಲ್ಲಿ ಮೊದಲನೆಯ ಬಗೆಯವೇ ಹೆಚ್ಚು ಕಣ್ಣಿಗೆ ಬೀಳುತ್ತವೆ, ಯಾಕೆಂದರೆ ಬರೆಯುವ ಅಭ್ಯಾಸ ಆ ಮನೆಗಳಲ್ಲಿ ಮೊದಲೇ ಇತ್ತು. ಎರಡನೆಯ ಬಗೆಯವು ಬರಬೇಕಾಗಿವೆ. ಬರೆಯುವವರು ತಾವು ಬೈಲಿನ ಯಾವ ಬದಿಯಲ್ಲಿದ್ದವರೆಂದು ಮೊದಲ ಅಧ್ಯಾಯದಲ್ಲಿಯೇ ಹೇಳಿಬಿಟ್ಟರೆ ಓದುಗನಿಗೆ ಅನುಕೂಲ.

ಕುಸಿಯುವ ಮನೆಗಳನ್ನು ಕಂಡು ಸುಮ್ಮನಿರಲಾರದವರೊಬ್ಬರು ಮಣಿಪಾಲದಲ್ಲಿದ್ದರು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಬಿಚ್ಚಿ ಮಾರಲು ಹೊರಟ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ತಂದು ಮತ್ತೆ ಜೋಡಿಸಿ ಕಟ್ಟಿದರು. ಅವರು 2017ರಲ್ಲಿ ತೀರಿಕೊಂಡರು, ಹಸ್ತಶಿಲ್ಪ ಪಾರಂಪರಿಕ ಗ್ರಾಮ ಉಳಿದಿದೆ. ಕಾಪು ಕಡೆಯ ಕುಂಜೂರಿನ ಚೌಕಿಮನೆ, ಕಾರ್ಕಳದ ಬಳಿಯ ಮಿಯಾರಿನ ಮನೆ ಅಲ್ಲಿ ನಿಂತಿವೆ. ನೆನಪು ಬರೆಯುವವರು ಒಮ್ಮೆ ಹೋಗಿ ನೋಡಬೇಕಾದ ಜಾಗ ಅದು. ಮರೆತ ಮರಗೆಲಸದ ಹೆಸರುಗಳು, ತಲೆ ತಗ್ಗಿಸಿ ದಾಟುವ ಬಾಗಿಲಿನ ಎತ್ತರ, ನಡುಮನೆಯ ಕತ್ತಲೆ ಮೈಗೆ ತಟ್ಟುತ್ತವೆ. ತೊಲೆಯನ್ನು ಲಾರಿಯಲ್ಲಿ ತರಬಹುದು. ಅದರ ಮೇಲೆ ಕೂತ ಹೊಗೆ ಯಾವ ಒಲೆಯದು, ಆ ಒಲೆ ಊದಿದವರು ಯಾರು ಎಂಬುದನ್ನು ತರಲು ಪುಸ್ತಕವೇ ಬೇಕು.

ಊರಿನ ನೆನಪು ಹುಟ್ಟಿದವರ ಸೊತ್ತು ಮಾತ್ರವೆಂದು ತಿಳಿಯಬೇಕಾಗಿಲ್ಲ. ಬೋಳು ಮುರಕಲ್ಲಿನ ಗುಡ್ಡವಾಗಿದ್ದ ಮಣಿಪಾಲದಲ್ಲಿ ಟಿ.ಎಂ.ಎ. ಪೈಗಳು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೊಡಗಿದ ಮೇಲೆ ದೇಶವಿದೇಶಗಳಿಂದ ಬಂದವರು ಅಲ್ಲಿ ಮನೆ ಮಾಡಿದ್ದಾರೆ. ಬಂದವರಿಗೆ ಜಾಗವೊಂದು ಊರಾಗುವುದು ಸಣ್ಣ ಸಂಗತಿಗಳಿಂದ: ಅಂಗಡಿಯವರು ಹೆಸರು ಹಿಡಿದು ಕರೆದ ದಿನ, ಮಳೆಗಾಲಕ್ಕೆ ಕೊಡೆ ಮರೆಯದೆ ಹೊರಟ ದಿನ, ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿದ ದಿನ.

ನೆನಪು ತಪ್ಪುತ್ತದೆ, ಆದ್ದರಿಂದ ತಾಳೆ ನೋಡಬೇಕು. 1985ರ ಘಟನೆ ಬರೆಯುತ್ತ 'ಉಡುಪಿ ಜಿಲ್ಲೆ' ಎಂದರೆ ತಪ್ಪಾಯಿತು. ಜಿಲ್ಲೆ ಆದದ್ದು 1997ರ ಆಗಸ್ಟ್ 25ರಂದು. ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅದಕ್ಕೆ ಮೊದಲು ಯಾರೂ ಮುಂಬಯಿಯಿಂದ ನೇರ ರೈಲಿನಲ್ಲಿ ಬಂದು ಉಡುಪಿಯಲ್ಲಿ ಇಳಿದಿರಲಾರರು. ಮಂಗಳೂರು ಆಕಾಶವಾಣಿ ತೊಡಗಿದ್ದು 1976ರ ಡಿಸೆಂಬರಿನಲ್ಲಿ, ಮಣಿಪಾಲದಿಂದ 'ಉದಯವಾಣಿ' ಹೊರಟದ್ದು 1970ರ ಜನವರಿ 1ರಂದು. ಅಜ್ಜ ಬೆಳಿಗ್ಗೆ ಕೇಳಿದ್ದು ಯಾವ ನಿಲಯ, ಓದಿದ್ದು ಯಾವ ಪೇಪರು ಎಂಬುದು ಇಂಥ ತೇದಿಗಳಿಂದ ತೀರ್ಮಾನವಾಗುತ್ತದೆ. ಬದುಕಿರುವ ನೆರೆಕರೆಯವರ ಜಗಳ, ಕಾಯಿಲೆ, ಸಾಲ ಬರೆಯುವ ಮೊದಲು ಅವರನ್ನು ಕೇಳುವುದು ಮರ್ಯಾದೆ. ಒಪ್ಪದಿದ್ದರೆ ಹೆಸರು ಬಿಡಬಹುದು, ಅಧ್ಯಾಯವನ್ನೇ ಬಿಡಬಹುದು.

ದೊಡ್ಡ ದಾಖಲೆಗಳಿಗಿಂತ ಮನೆಯ ಸಣ್ಣ ಕಾಗದಗಳು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತವೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತೊಡಗಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟರು ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ಹಳೆಯ ಪಿಗ್ಮಿ ಕಾರ್ಡು ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ ಅದರಲ್ಲಿ ಹಣ ಕಟ್ಟಿದ ದಿನಗಳ ಜೊತೆ ಕಟ್ಟಲಾಗದ ದಿನಗಳೂ ಇವೆ. ರೇಷನ್ ಕಾರ್ಡು, ಮದುವೆಯ ಉಡುಗೊರೆ ಬರೆದ ಪಟ್ಟಿ, ಅಂಗಡಿಯ ಉದ್ದರಿ ಪುಸ್ತಕ, ಮುಂಬಯಿಯಿಂದ ಬಂದ ಮನಿಯಾರ್ಡರಿನ ಚೀಟಿ ಇವೂ ಅಷ್ಟೇ. ಎಲ್ಲಕ್ಕಿಂತ ಮೇಲು ಮಲ್ಲಿಗೆ ಮನೆಗಳ ಲೆಕ್ಕದ ಪುಸ್ತಕ: ತಾರೀಕು, ಎಷ್ಟು ಚೆಂಡು, ಅಂದಿನ ಅಟ್ಟೆಯ ದರ. ಹೂವು ಕಡಿಮೆಯಾದ ದಿನದ ಎದುರು 'ಮಳೆ' ಎಂದೋ 'ಅಮ್ಮನಿಗೆ ಜ್ವರ' ಎಂದೋ ಒಂದು ಪದ ಬರೆದಿದ್ದರೆ ಅಲ್ಲಿಗೆ ಅಧ್ಯಾಯ ತೊಡಗಿದಂತೆಯೇ. ವರ್ಷ ಮುಗಿದು ಏಜೆಂಟರ ಬಾಕಿ ಚುಕ್ತಾ ಆದ ಮೇಲೆ ಈ ಪುಸ್ತಕಗಳು ಬಚ್ಚಲ ಒಲೆಗೆ ಹೋಗುತ್ತವೆ. ಮನೆಯಲ್ಲಿ ಅಂಥದೊಂದು ಉಳಿದಿದ್ದರೆ ದಯವಿಟ್ಟು ತೆಗೆದಿಡಿ.